ಹೆಚ್ಚಿಗೆ ಒಂದು ಚುಕ್ಕಿ

ಐನ್ ಅಂದರೆ ಕಣ್ಣು, ಒರತೆಯೂ ಹೌದು,
ಎಂದರು ಒಬೈದ್ ಮಾಸ್ತರು.
ನಮ್ಮಲ್ಲೂ ಹಾಗೇ, ಬಾವಿ ತೋಡುವವರು
ಜಲದ ಕಣ್ಣು ಒಡೆಯಿತು ಅಂತಾರೆ, ಎಂದೆ.
ಅಲ್ ಐನ್ ಬಿಟ್ಟು ನೂರು ಕಿಲೋಮೀಟರು ತೆಂಕಣಕ್ಕೆ
ಅಲ್ ಖುವಾದ ಒಂಟೆದೊಡ್ಡಿಗಳ ಆಚೆ
ಕಾರಿನ ದೀಪ ಆರಿಸಿ
ಇಪ್ಪತ್ತು ನಿಮಿಷ ಸುಮ್ಮನೆ ಕೂತೆವು,
ಕತ್ತಲು ಕಣ್ಣಿಗೆ ಇಳಿಯಲಿ ಅಂತ.

ವಾರವೆಲ್ಲ ನನ್ನದು ಇನ್ನೊಂದು ಕೊಳವೆ.
ಆಸ್ಪತ್ರೆಯ ನೆಲಮಾಳಿಗೆ, ಗಾಜಿನ ಮೇಲೆ ಸವರಿದ ರಕ್ತ,
ನೇರಳೆ ಬಣ್ಣ ಹಾಕಿ, ತೊಳೆದು
ಬಿಳಿಕಣ ಎಣಿಸುತ್ತೇನೆ,
ಹೆಬ್ಬೆರಳಡಿಯ ಪುಟ್ಟ ಯಂತ್ರ ಟಿಕ್ ಟಿಕ್.
ಅಲ್ಲಿ ಹೆಸರಿರುವುದಿಲ್ಲ, ಅಂಕೆ ಮಾತ್ರ.
ಇಲ್ಲಿಯೂ ಅಷ್ಟೆ:
ಇವತ್ತಿನ ಗ್ಯಾಲಕ್ಸಿಗೆ ನಾಲ್ಕಂಕಿಯ ಒಂದು ಸಂಖ್ಯೆ,
ಮಾಸ್ತರ ನೋಟ್‌ಬುಕ್ಕಿನಲ್ಲಿ
ಪೆನ್ಸಿಲು ತಿಕ್ಕಿದ ಒಂದು ಮಸುಕು.

ನಮ್ಮಜ್ಜಿಯ ಕೆಲಸವೂ ಇದೇ ಆಗಿತ್ತು.
ಮೊರದ ತುಂಬ ಅಕ್ಕಿ, ಅದರೊಳಗೆ ಅಕ್ಕಿಯಂಥದೇ ಕಲ್ಲು.
ಅವಳು ಹುಡುಕುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು,
ಕಲ್ಲೇ ಬಂದು ಬೆರಳಿಗೆ ಸಿಗುತ್ತಿತ್ತು.

ಮೊದಲು ಧೂಮಕೇತು.
ಪಡುವಣದ ಮರಳದಿಣ್ಣೆಗೆ ಎರಡು ಬೆರಳು ಮೇಲೆ
ಸರಿಯಾಗಿ ಒರೆಸದೆ ಬಿಟ್ಟ ಸೀಮೆಸುಣ್ಣ.
ಮತ್ತೆ ಯಾವಾಗ ಬರುತ್ತೆ?
ಬರುವುದಿಲ್ಲ ಇದು, ಇದರ ದಾರಿಗೆ ತಿರುವು ಇಲ್ಲ,
ಎಂದರು ಮೂವತ್ತು ವರ್ಷ ಹಾಜರಿ ಕರೆದ ದನಿಯಲ್ಲಿ.
ಆಮೇಲೆ ದಕ್ಷಿಣಕ್ಕೆ ಕೈ ತೋರಿ ಸುಹೈಲ್ ಎಂದರು,
ಅಗಸ್ತ್ಯ ಎಂದೆ.
ಜಗಳವಾಗಲಿಲ್ಲ, ಇಬ್ಬರಿಗೂ ಆಗುವಷ್ಟು ಉರಿಯುತ್ತಿತ್ತು.

ಎರಡು ಗಂಟೆಗೆ ಇಬ್ಬನಿ.
ಮರಳುಗಾಡಲ್ಲಿ ಇಬ್ಬನಿಯೇ ಅನ್ನಬೇಡಿ,
ಕನ್ನಡಿ ನೆನೆದು ಬೆಪ್ಪಾಗಿತ್ತು.
ತಲೆಯಲ್ಲಿ ಒಂದು ಕೂದಲಿಲ್ಲದ ಮಾಸ್ತರು
ಹೇರ್ ಡ್ರೈಯರನ್ನು ಕಾರಿಗೆ ಸಿಕ್ಕಿಸಿ
ಹಸುಗೂಸಿನ ಮೈ ಒರೆಸುವಷ್ಟು ಮೆತ್ತಗೆ
ಹತ್ತಂಗುಲದ ಗಾಜನ್ನು ಒಣಗಿಸಿದರು.
ಆಗ ಕಂಡಿತು.

ಮಸುಕಿನ ಅಂಚಿಗೆ,
ನೋಟ್‌ಬುಕ್ಕಿನಲ್ಲಿ ಇಲ್ಲದ ಚುಕ್ಕಿ.
ಉಸಿರು ಬಿಟ್ಟರೆ ಆರೀತು ಅನ್ನುವಷ್ಟು.

ಮಾಸ್ತರು ನೋಡಿದರು, ಬಹಳ ಹೊತ್ತು.
ಒಂದು ಗಂಟೆ ತಡಿ, ಮಗಳೇ.
ಜರುಗಿದರೆ ಅದೊಂದು ಅಲೆಮಾರಿ ಕಲ್ಲು,
ಅಲ್ಲೇ ಇದ್ದರೆ ಸತ್ತ ಸೂರ್ಯ.

ಸೂಪರ್ನೋವಾ.
ಹೆಸರಿನೊಳಗೆ ನವ ಇದೆ, ಹೊಸತು ಇದೆ.
ಬೆಳಕು ಹೊರಟದ್ದು ಮಾತ್ರ
ಹಫೀತ್ ಬೆಟ್ಟದಲ್ಲಿ ಇಂದು ಕಲ್ಲಾಗಿ ಸಿಗುವ ಚಿಪ್ಪು
ಬೆಚ್ಚನೆ ಕಡಲಿನಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದಾಗ.

ಕಾಯುವ ಗಂಟೆಯಲ್ಲಿ
ಮಂಗಳವಾರದ ಗಾಜಿನ ವಿಷಯ ಹೇಳಲೋ ಬೇಡವೋ.
ಅಂಕೆಯ ಪಕ್ಕ ವಯಸ್ಸು ಹನ್ನೊಂದು.
ಇರಬಾರದ ಒಂದು ಕಣ, ದೊಡ್ಡದು, ತೀರ ಎಳೆಯದು,
ಆಚೆ ಸರಿಸಿದರೆ ಇನ್ನೊಂದು.
ಅಲ್ಲಿನ ನಿಯಮವೂ ಇದೇ: ಮೊದಲ ನೋಟ ನಂಬಬೇಡ,
ಇನ್ನೊಂದು ಗಾಜು ಸವರು, ಬೇರೆಯವರ ಕಣ್ಣು ಬೀಳಲಿ.
ಇಲ್ಲಿ ಇರಲಿ, ಅಲ್ಲಿ ಇಲ್ಲದಿರಲಿ
ಎಂದು ಬೇಡುತ್ತಿರುವುದು
ಒಂದೇ ಕಣ್ಣು.

ಗಂಟೆ ಕಳೆಯಿತು. ಚುಕ್ಕಿ ಕದಲಿರಲಿಲ್ಲ.
ಮಾಸ್ತರು ಫೋನು ತೆಗೆದು ಪಟ್ಟಿ ನೋಡಿದರು,
ಜಪಾನಿನಲ್ಲಿ ಯಾರೋ
ಮೂರು ಗಂಟೆ ಮೊದಲೇ ಬರೆಸಿಬಿಟ್ಟಿದ್ದರು.
ಇಬ್ಬರೂ ನಕ್ಕೆವು, ಫ್ಲಾಸ್ಕಿನ ತಳದ ಕರಕ್ ಚಹಾ ಹಂಚಿಕೊಂಡೆವು,
ಬೇಲಿಯಾಚೆ ಒಂಟೆಯೊಂದು ಎದ್ದು, ನಮ್ಮನ್ನು ನೋಡಿ, ಮತ್ತೆ ಕೂತಿತು.

ಸೋಮವಾರ ಎರಡನೆಯ ಗಾಜು.

ವಾಪಸು ಬರುವಾಗ ಜಾಕೆಟಿನ ಕಿಸೆಯಲ್ಲಿ
ಎಣಿಕೆಯ ಯಂತ್ರ ಉಳಿದಿದ್ದು ಕೈಗೆ ತಾಗಿತು.
ಒಂದು ಸಲ ಒತ್ತಿದೆ.
ಯಾವ ಲೆಕ್ಕಕ್ಕೆ ಅಂತ
ಮಾಸ್ತರು ಕೇಳಲಿಲ್ಲ.